ಕೂಡಿದಾಗಿನ ಅಳತೆ

ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ನಾವು ನಡತೆ ಪತ್ರವೊಂದನ್ನು ಕೊಡುತ್ತೇವೆ. ಹೆಸರು, ತಂದೆಯ ಹೆಸರು, ಓದಿದ ವರ್ಷಗಳು ಎಲ್ಲ ತುಂಬಿದ ಮೇಲೆ ಕೊನೆಗೆ ಒಂದು ಗೆರೆ ಉಳಿದಿರುತ್ತದೆ. 'ನಡತೆ' ಎಂದು ಅಚ್ಚಾಗಿರುವ ಅದರ ಮುಂದೆ ಒಂದೇ ಒಂದು ಪದಕ್ಕೆ ಜಾಗ. 'ಉತ್ತಮ' ಎಂದು ಬರೆಯಬಹುದು, 'ತೃಪ್ತಿಕರ' ಎಂದು ಬರೆಯಬಹುದು. ಮಗುವಿನ ಮೂರು ವರ್ಷದ ಆಟ, ಪಾಠ, ಜಗಳ, ಅಳು, ನಗು ಎಲ್ಲವೂ ಆ ಒಂದು ಪದದೊಳಗೆ ಅಡಗಬೇಕು. ನಾನು ಕನ್ನಡ ಮತ್ತು ಸಮಾಜ ಪಾಠ ಹೇಳುವ ಹೈಸ್ಕೂಲು ಶಿಕ್ಷಕಿ. ಈ ಇಪ್ಪತ್ತೆಂಟು ವರ್ಷಗಳಲ್ಲಿ ಅಂಥ ಪದಗಳನ್ನು ಎಷ್ಟು ನೂರು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ.

ಕಾಗದದ ಮೇಲೆ ಬರೆದದ್ದು ಹೇಗೋ ನಡೆದುಹೋಗುತ್ತದೆ. ಬಾಯಲ್ಲಿ ಕೇಳುವವರಿಗೆ ಉತ್ತರ ಹೇಳುವುದು ಅದಕ್ಕಿಂತ ಕಷ್ಟ. ಸಣ್ಣ ಊರಿನಲ್ಲಿ ಮೇಡಂ ಎಂದ ಮೇಲೆ ಎಲ್ಲರಿಗೂ ಪರಿಚಯ. ಸಂತೆಯಲ್ಲೋ, ಮದುವೆ ಮನೆಯಲ್ಲೋ ಯಾರಾದರೂ ಪಕ್ಕಕ್ಕೆ ಕರೆದು, "ಮೇಡಂ, ಆ ಹುಡುಗಿ ನಿಮ್ಮ ಸ್ಕೂಲಲ್ಲೇ ಓದಿದ್ದಂತೆ. ಗುಣ ಹೇಗೆ? ನಮ್ಮ ಹುಡುಗನಿಗೆ ಕೇಳ್ತಿದ್ದಾರೆ" ಎನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮನೆಗೆ ಬರುವವಳು ಎಂಥವಳೆಂದು ತಿಳಿಯುವ ಆಸೆ ಯಾರಿಗಿಲ್ಲ? ಆದರೆ ನನ್ನ ಎದುರು ಕೂತು ಪಾಠ ಕೇಳಿದ ಹದಿನೈದು ವರ್ಷದ ಹುಡುಗಿ, ನಾಳೆ ನಾನು ಕಂಡೂ ಇರದ ಒಂದು ಮನೆಯಲ್ಲಿ, ನನಗೆ ಗೊತ್ತೇ ಇಲ್ಲದ ಐದಾರು ಜನರ ನಡುವೆ ಹೇಗಿರುತ್ತಾಳೆ ಎಂಬುದನ್ನು ನಾನು ಹೇಗೆ ಹೇಳಲಿ? 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಒಬ್ಬನೇ ಮನುಷ್ಯ ಎರಡು ಕಡೆ ಎರಡು ಬಗೆಯಾಗಿರುವುದನ್ನು ಕಣ್ಣಾರೆ ಕಂಡೇ ಕಟ್ಟಿದ್ದು.

ಹಾಗಾದರೆ ಒಬ್ಬರನ್ನು ಅವರಿಷ್ಟಕ್ಕೆ ಅವರನ್ನೇ ತೂಗಿ 'ಇವರು ಇಂಥವರು' ಎಂದುಬಿಡುವುದು ನ್ಯಾಯವೇ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಅದಕ್ಕೆ ಒಂದು ದಾರಿ ಸಿಕ್ಕಿದ್ದು ನಾನು ಎಂದೂ ಎಣಿಸಿರದ ಕಡೆಯಿಂದ. ನಮ್ಮಣ್ಣನ ಮಗಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಬೇಸಿಗೆ ರಜೆಯಲ್ಲಿ ಬಂದಿದ್ದಾಗ, "ನೀನು ದಿನವೆಲ್ಲ ಆ ಪ್ರಯೋಗಶಾಲೆಯಲ್ಲಿ ಮಾಡುವುದಾದರೂ ಏನು?" ಎಂದು ಕೇಳಿದೆ. ಅವಳು ನಗುತ್ತಾ ಫ್ರಿಜ್ಜಿನ ಬಾಗಿಲು ತೆಗೆದು, ವಾಸನೆ ಹೋಗಲೆಂದು ನಾನು ಬಟ್ಟಲಲ್ಲಿ ಇಟ್ಟಿದ್ದ ಇದ್ದಿಲ ಚೂರನ್ನು ತೋರಿಸಿದಳು. "ಇದನ್ನೇ ಅತ್ತೆ. ಇದು ಯಾವುದನ್ನು ಎಷ್ಟು ಹಿಡಿದುಕೊಳ್ಳುತ್ತೆ ಅಂತ ಅಳೆಯೋದು."

ನಮ್ಮದು ತೆಂಗಿನ ಸೀಮೆ. ತಿಪಟೂರಿನ ಕಡೆಯ ನಮಗೆ ಕರಟದ ಇದ್ದಿಲು ಹೊಸದಲ್ಲ. ಇಸ್ತ್ರಿ ಪೆಟ್ಟಿಗೆಗೆ ಹಾಕಿದ್ದೇವೆ, ಹಬೆಯಾಡುವ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಹಾಕಿದ್ದೇವೆ. ಆದರೆ ಅದರೊಳಗೆ ಏನಿದೆ ಎಂದು ನೋಡಿದವರಲ್ಲ. ಇದ್ದಿಲ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಿಸಿ ಹಬೆಯಲ್ಲಿ ಹದಮಾಡಿ ಆ ರಂಧ್ರಗಳನ್ನು ಇನ್ನೂ ತೆರೆಸಿದರೆ, ಒಂದೇ ಒಂದು ಗ್ರಾಂ ಇದ್ದಿಲೊಳಗಿನ ಗೋಡೆಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದಾಗ ಸುಮಾರು 1000 ಚದರ ಮೀಟರ್ ಆಗುತ್ತದಂತೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಚಿಟಿಕೆಯಷ್ಟು ಮಸಿಯೊಳಗೆ ಹತ್ತು ಗುಂಟೆ ನೆಲ. ಗಾಳಿಯಲ್ಲಿ ತೇಲಿಬರುವ ಅನಿಲದ ಕಣಗಳು ಆ ನೆಲಕ್ಕೆ ಬಂದು ಅಂಟಿಕೊಳ್ಳುತ್ತವೆ. ಸ್ಪಂಜು ನೀರು ಕುಡಿಯುವ ಹಾಗೆ ಒಳಗೊಳಗೇ ಬೆರೆಯುವುದು ಬೇರೆ, ಹೀಗೆ ಮೇಲ್ಮೈಯಲ್ಲಿ ಕೂತು ಹಿಡಿದುಕೊಳ್ಳುವುದು ಬೇರೆ. ಎರಡಕ್ಕೂ ಬೇರೆ ಬೇರೆ ಹೆಸರಿರಲಿ ಎಂದು 1881ರಲ್ಲಿ ಹೈನ್ರಿಚ್ ಕೈಸರ್ ಎಂಬ ಜರ್ಮನ್ ವಿಜ್ಞಾನಿ ಮೇಲ್ಮೈ ಹಿಡಿತಕ್ಕೆ 'ಅಡ್ಸಾರ್ಪ್ಷನ್' ಎಂಬ ಪದವನ್ನು ಬಳಕೆಗೆ ತಂದ.

ಅಳೆಯುವ ಕೆಲಸ ಹೆಸರಿಗಿಂತ ಹಳೆಯದು. ಇಟಲಿಯ ಫೆಲಿಚೆ ಫೊಂಟಾನಾ 1777ರಲ್ಲೇ ಕೆಂಡವನ್ನು ಪಾದರಸದಲ್ಲಿ ಆರಿಸಿ, ಅನಿಲ ತುಂಬಿದ ಕೊಳವೆಯೊಳಗೆ ತೂರಿಸಿ, ಅನಿಲ ಕಡಿಮೆಯಾಗುವುದನ್ನು ಕಂಡಿದ್ದ. 1814ರಲ್ಲಿ ಜಿನೀವಾದ ಥಿಯೋಡೋರ್ ದ ಸೊಸ್ಯೂರ್ ಒಂದು ಪಟ್ಟಿಯನ್ನೇ ಮಾಡಿದ. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಇದ್ದಿಲು ತನ್ನ ಗಾತ್ರದ 90 ಪಾಲು ಅಮೋನಿಯಾವನ್ನು ಹಿಡಿಯುತ್ತದೆ, 35 ಪಾಲು ಇಂಗಾಲದ ಡೈ ಆಕ್ಸೈಡನ್ನು, ಒಂಬತ್ತು ಕಾಲು ಪಾಲು ಆಮ್ಲಜನಕವನ್ನು, ಏಳೂವರೆ ಪಾಲು ಸಾರಜನಕವನ್ನು, ಜಲಜನಕವನ್ನಾದರೆ ಬರೀ ಒಂದು ಮುಕ್ಕಾಲು ಪಾಲು. ಈ ಪಟ್ಟಿಯನ್ನು ಕೇಳಿದಾಗ ನನಗೆ ನಮ್ಮ ಮಕ್ಕಳ ಅಂಕಪಟ್ಟಿ ನೆನಪಾಯಿತು. ಒಂದೊಂದು ಅನಿಲಕ್ಕೂ ಅದರದರ ಅಂಕ. ಎಷ್ಟು ಅಚ್ಚುಕಟ್ಟು!

ಆ ಅಚ್ಚುಕಟ್ಟಿನ ಹಿಂದೆ ಒಂದು ಷರತ್ತಿದೆ. ಅಮೋನಿಯಾವನ್ನು ಅಳೆಯುವಾಗ ಕೊಳವೆಯಲ್ಲಿ ಅಮೋನಿಯಾ ಮಾತ್ರ. ಆಮ್ಲಜನಕದ ಸರದಿ ಬಂದಾಗ ಆಮ್ಲಜನಕ ಮಾತ್ರ. ಇದ್ದಿಲು ಖಾಲಿ, ಎದುರಾಳಿ ಯಾರೂ ಇಲ್ಲ, ಹತ್ತು ಗುಂಟೆಯೂ ಒಬ್ಬರದೇ. ಲೋಕದಲ್ಲಿ ಯಾವ ಅನಿಲ ಹಾಗೆ ಒಂಟಿಯಾಗಿದೆ? ನಾವು ಉಸಿರಾಡುವ ಗಾಳಿಯೇ ಕಲಬೆರಕೆ.

ಈ ಕಲಬೆರಕೆಯ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗಿದ್ದ ಕಾಲವೊಂದಿತ್ತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಅಲ್ಲಿಂದ ಮುಂದೆ ಸೈನಿಕರ ಮುಖವಾಡಗಳಿಗೆ ಇದ್ದಿಲು ತುಂಬುವ ಕೆಲಸ ಶುರುವಾಯಿತು. ಅದಕ್ಕೆ ಬಹಳ ಒಳ್ಳೆಯದೆನಿಸಿದ್ದು ನಮ್ಮ ತೆಂಗಿನ ಕರಟದ ಇದ್ದಿಲೇ. 1918ರಲ್ಲಿ ಅಮೆರಿಕದಲ್ಲಿ ಕರಟ ಸಾಲದೆ, ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಗಟ್ಟಿ ಸಿಪ್ಪೆಗಳನ್ನೂ ಮನೆಮನೆಯಿಂದ ಬೇಡಿ ಕೂಡಿಸಿದರು. ಹಣ್ಣು ತಿಂದು ಎಸೆಯುವ ಓಟೆಯನ್ನು ತೊಳೆದು ಒಣಗಿಸಿ ಕಳಿಸಿಕೊಟ್ಟ ತಾಯಂದಿರಲ್ಲಿ ಎಷ್ಟು ಜನರ ಮಕ್ಕಳು ಆ ಯುದ್ಧದಲ್ಲಿದ್ದರೋ!

ಅದೇ ಸಮಯದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕ್ಯಾಥರೀನ್ ಬ್ಲಾಜೆಟ್ ಎಂಬ ಇಪ್ಪತ್ತು ವರ್ಷದ ಹುಡುಗಿ ಮುಖವಾಡದ ಇದ್ದಿಲು ಅನಿಲವನ್ನು ಹೇಗೆ ಹಿಡಿಯುತ್ತದೆ ಎಂಬುದನ್ನೇ ತನ್ನ ಸ್ನಾತಕೋತ್ತರ ಪದವಿಗೆ ವಿಷಯವಾಗಿ ಆರಿಸಿಕೊಂಡಿದ್ದಳು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದ ಮೊದಲ ಮಹಿಳಾ ವಿಜ್ಞಾನಿ ಅವಳು. 1926ರಲ್ಲಿ ಕೇಂಬ್ರಿಡ್ಜಿನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣೂ ಅವಳೇ. ಅವಳು ಕೆಲಸ ಮಾಡಿದ್ದು ಅರ್ವಿಂಗ್ ಲ್ಯಾಂಗ್ಮ್ಯೂರ್ ಜೊತೆಯಲ್ಲಿ. ಘನವಸ್ತುವಿನ ಮೇಲ್ಮೈಯಲ್ಲಿ ಅನಿಲಗಳು ಹೇಗೆ ಕೂರುತ್ತವೆಂಬುದರ ಲೆಕ್ಕವನ್ನು 1918ರಲ್ಲಿ ಪ್ರಕಟಿಸಿ, ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ನೊಬೆಲ್ ಪಡೆದವನು ಈತ. ಅವನ ಕಲ್ಪನೆ ನಮಗೆ ಸುಲಭವಾಗಿ ಅರ್ಥವಾಗುವಂಥದು. ಮೇಲ್ಮೈಯನ್ನು ಚೌಕಾಬಾರದ ಮನೆಗಳೆಂದುಕೊಳ್ಳಿ. ಒಂದು ಮನೆಯಲ್ಲಿ ಒಂದೇ ಕಾಯಿ. ಕಾಯಿಗಳು ಬಂದು ಕೂರುತ್ತಲೂ ಇರುತ್ತವೆ, ಎದ್ದು ಹೋಗುತ್ತಲೂ ಇರುತ್ತವೆ. ಬರುವವರೂ ಹೋಗುವವರೂ ಸಮನಾದಾಗ ಹೊರಗಿನಿಂದ ನೋಡುವವರಿಗೆ ಎಲ್ಲ ಶಾಂತವಾಗಿರುವಂತೆ ಕಾಣುತ್ತದೆ.

ಎರಡು ಬಣ್ಣದ ಕಾಯಿಗಳು ಒಟ್ಟಿಗೆ ಬಂದರೆ? ಆಗಲೇ ಪೇಚಾಟ. ಮನೆಗಳು ಇರುವಷ್ಟೇ, ಬರುವವರು ಇಬ್ಬರು. ಬಿಗಿಯಾಗಿ ಹಿಡಿದುಕೊಳ್ಳುವ ಸ್ವಭಾವದ ಅನಿಲ ಹೆಚ್ಚು ಮನೆಗಳನ್ನು ಸೇರುತ್ತದೆ. ಸಡಿಲ ಸ್ವಭಾವದ್ದು, ಒಂಟಿಯಾಗಿದ್ದಾಗ ಎಷ್ಟು ಹಿಡಿದಿತ್ತೋ ಅದರ ಒಂದು ಪಾಲನ್ನೂ ಹಿಡಿಯದೆ ಹೊರಗೇ ಉಳಿಯಬಹುದು. ಆ ಸಡಿಲ ಅನಿಲ ಬದಲಾಗಿಲ್ಲ, ಇದ್ದಿಲೂ ಬದಲಾಗಿಲ್ಲ. ಜೊತೆಗೆ ಇರುವವರು ಬದಲಾಗಿದ್ದಾರೆ.

ಇದನ್ನು ಅಳೆಯುವುದು ಹೇಗೆ ಎಂದು ಕೇಳಿದೆ. ಒಂಟಿ ಅನಿಲವಾದರೆ ಸುಲಭವಂತೆ. ಇದ್ದಿಲನ್ನು ಕಾಯಿಸಿ, ನಿರ್ವಾತದಲ್ಲಿಟ್ಟು, ಒಳಗೆ ಹಳೆಯದು ಏನೂ ಉಳಿಯದಂತೆ ಮಾಡಿ, ಅನಿಲ ಬಿಟ್ಟು ತೂಕ ನೋಡಿದರಾಯಿತು. ಹೆಚ್ಚಾದ ತೂಕವೇ ಹಿಡಿದ ಅನಿಲ. ಎರಡು ಸೇರಿದಾಗ ತಕ್ಕಡಿ ಒಟ್ಟು ತೂಕವನ್ನೇನೋ ಹೇಳುತ್ತದೆ, ಅದರಲ್ಲಿ ಯಾರ ಪಾಲೆಷ್ಟು ಎಂಬುದನ್ನು ಹೇಳುವುದಿಲ್ಲ. "ಮತ್ತೆ ಹೇಗೆ ತಿಳಿಯುತ್ತೀ?" ಎಂದದ್ದಕ್ಕೆ ಅವಳು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. "ಒಳಗೆ ಹೋದವರನ್ನು ನೋಡಕ್ಕಾಗಲ್ಲ ಅತ್ತೆ. ಹೊರಗೆ ಉಳಿದವರನ್ನು ಎಣಿಸ್ತೀವಿ."

ಮುಚ್ಚಿದ ಪಾತ್ರೆಯೊಳಗೆ ಇಂತಿಷ್ಟು ಎಂದು ಲೆಕ್ಕ ಹಾಕಿದ ಎರಡು ಅನಿಲಗಳನ್ನು ಬಿಡುತ್ತಾರೆ. ಪಂಪಿನಿಂದ ಸುತ್ತಿಸುತ್ತಾ ಗಂಟೆಗಟ್ಟಲೆ ಕಾಯುತ್ತಾರೆ. ಆಮೇಲೆ ಇದ್ದಿಲಿಗೆ ಸೇರದೆ ಪಾತ್ರೆಯಲ್ಲಿ ಉಳಿದ ಗಾಳಿಯಿಂದ ಒಂದಿಷ್ಟು ತೆಗೆದು, ಅದರಲ್ಲಿ ಯಾವುದು ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುತ್ತಾರೆ. ಕೊಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ಹಿಡಿದದ್ದು. ಕೇಳಲು ಮೂರನೆಯ ತರಗತಿಯ ವ್ಯವಕಲನ, ಮಾಡಲು ಹರಸಾಹಸ. ಎಲ್ಲೋ ಒಂದು ಕೂದಲೆಳೆಯಷ್ಟು ಸೋರಿದರೂ ಸೋರಿದ್ದೆಲ್ಲ ಇದ್ದಿಲಿನ ಲೆಕ್ಕಕ್ಕೆ ಜಮಾ ಆಗುತ್ತದೆ. ಪಾತ್ರೆಯೊಳಗಿನ ಖಾಲಿ ಜಾಗ ಎಷ್ಟೆಂದು ಮೊದಲೇ ತಿಳಿದಿರಬೇಕು. ಅದಕ್ಕೆ ಹೀಲಿಯಂ ಅನಿಲವನ್ನು ಬಿಟ್ಟು ನೋಡುತ್ತಾರೆ, ಯಾಕೆಂದರೆ ಹೀಲಿಯಂ ಯಾರ ಜೊತೆಗೂ ಸೇರದ ತಟಸ್ಥ ಎಂದು ನಂಬಿಕೆ. ನಿಜದಲ್ಲಿ ಅದೂ ಒಂದು ತೃಣದಷ್ಟು ಅಂಟಿಕೊಳ್ಳುತ್ತದಂತೆ! ಪಂಚಾಯಿತಿಗೆ ಕೂರಿಸಿದ ಮೂರನೆಯವನಿಗೂ ಒಳಗೊಳಗೇ ಒಂದಿಷ್ಟು ಪಕ್ಷಪಾತ ಇದ್ದಂತೆ ಎಂದು ನಾನಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಅನಿಲವನ್ನು ಐದು ಒತ್ತಡಗಳಲ್ಲಿ, ಮೂರು ಉಷ್ಣತೆಗಳಲ್ಲಿ ಅಳೆದರೆ ಹದಿನೈದು ಪ್ರಯೋಗ. ಎರಡು ಅನಿಲಗಳನ್ನು ಐದು ಬಗೆಯ ಪ್ರಮಾಣದಲ್ಲಿ ಬೆರೆಸಿ ಅಷ್ಟನ್ನೂ ಮಾಡಿದರೆ ಎಪ್ಪತ್ತೈದು. ಮೂರನೆಯದೊಂದು ಸೇರಿದರೆ ಎಣಿಸುವುದೇ ಬೇಡ. ಆದ್ದರಿಂದ ಹೆಚ್ಚಿನವರು ಒಂಟಿ ಅಳತೆಗಳನ್ನು ಮಾಡಿಕೊಂಡು, ಬೆರೆತಾಗ ಏನಾದೀತೆಂಬುದನ್ನು ಲೆಕ್ಕದಿಂದ ಊಹಿಸುತ್ತಾರೆ. ಅಂಥ ಲೆಕ್ಕದ ಒಂದು ಜಾಣ ವಿಧಾನವನ್ನು 1965ರಲ್ಲಿ ಅಮೆರಿಕದ ಮೈಯರ್ಸ್ ಮತ್ತು ಪ್ರೌಸ್ನಿಟ್ಸ್ ಎಂಬಿಬ್ಬರು ಕೊಟ್ಟರು. ಇಂದಿಗೂ ಎಲ್ಲರೂ ಅದನ್ನೇ ಮೊದಲು ಹಿಡಿಯುತ್ತಾರಂತೆ. ಒಂದೇ ಜಾಯಮಾನದ ಅನಿಲಗಳು, ಸಮನಾದ ಮೇಲ್ಮೈ ಇದ್ದಲ್ಲಿ ಲೆಕ್ಕ ಬಹುಮಟ್ಟಿಗೆ ಕೂಡುತ್ತದೆ. ತೀರ ಬೇರೆ ಬೇರೆ ಸ್ವಭಾವದವು ಸೇರಿದಾಗ ಲೆಕ್ಕ ಒಂದು, ನಡೆಯುವುದು ಇನ್ನೊಂದು. "ಹಾಗಾದಾಗ ಏನು ಮಾಡ್ತೀಯ?" ಎಂದೆ. "ಏನು ಮಾಡೋದು ಅತ್ತೆ, ಕೂತು ಅಳೀಬೇಕು" ಎಂದಳು.

ಕೂತು ಅಳೆಯಬೇಕು. ನಮ್ಮ ಸಂಸಾರಗಳಲ್ಲಿ ನಾವು ಮಾಡದೆ ಬಿಡುವ ಕೆಲಸ ಇದೇ ಅಲ್ಲವೇ? ಜಾತಕ ನೋಡುತ್ತೇವೆ, ಓದು ನೋಡುತ್ತೇವೆ, ಮೇಡಂ ಹತ್ತಿರ ಗುಣ ವಿಚಾರಿಸುತ್ತೇವೆ. ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಅತ್ತೆ ದೇವರಂಥವರು. ಎಲ್ಲ ಒಂಟಿ ಅಳತೆಗಳೂ ಸರಿಯಾಗಿವೆ, ಕೂಡಿಸಿದ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ಆಗ ಯಾರೋ ಒಬ್ಬರ ಮೊದಲ ಅಳತೆಯೇ ಸುಳ್ಳೆಂದು ತೀರ್ಮಾನಿಸುತ್ತೇವೆ. 'ಅವಳು ಹೀಗೆ ಅಂತ ಗೊತ್ತೇ ಇರಲಿಲ್ಲ' ಎನ್ನುತ್ತೇವೆ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಥ್ರೋಬಾಲ್ ತಂಡದ ನಾಯಕಿ. ಮೈದಾನದ ಆ ಕೊನೆಯಲ್ಲಿ ಅವಳು ಕೂಗಿದರೆ ಈ ಕೊನೆಯ ಸ್ಟಾಫ್ ರೂಮಿನಲ್ಲಿ ಕೇಳಿಸುತ್ತಿತ್ತು. ಮದುವೆಯಾಗಿ ಐದಾರು ವರ್ಷದ ಮೇಲೆ ಅವಳ ಅತ್ತೆಮನೆಗೆ ಒಂದು ಪೂಜೆಗೆಂದು ಹೋಗಿದ್ದೆ. ತುಂಬಿದ ಮನೆ. ಇಬ್ಬರು ವಾರಗಿತ್ತಿಯರು, ಅತ್ತೆ, ಅತ್ತೆಯ ಅತ್ತೆ. ಎರಡು ಗಂಟೆ ಕೂತಿದ್ದರೂ ಅವಳ ಬಾಯಿಂದ ಬಂದದ್ದು "ಕಾಫಿ ತಗೊಳ್ಳಿ ಮಿಸ್" ಎಂಬುದಷ್ಟೇ. ಅವಳ ಅತ್ತೆ ನಿಜವಾದ ಪ್ರೀತಿಯಿಂದಲೇ ಹೇಳಿದರು, "ನಮ್ಮ ಕೊನೇ ಸೊಸೆಗೆ ಬಾಯೇ ಇಲ್ಲ ಮೇಡಂ, ಬಂಗಾರದಂಥ ಹುಡುಗಿ." ಅಲ್ಲಿಗೆ ಬಂದಿದ್ದ ಅವಳ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಇವಳಿಗೆ ಏನೋ ಹುಷಾರಿಲ್ಲ ಅನ್ಸುತ್ತೆ ಮೇಡಂ, ಮಂಕಾಗಿದ್ದಾಳೆ" ಎಂದು ಪೇಚಾಡಿದರು. ಒಬ್ಬರ ಅಳತೆಯಲ್ಲಿ ಬಂಗಾರ, ಒಬ್ಬರ ಅಳತೆಯಲ್ಲಿ ಮಂಕು. ಹೊರಡುವಾಗ ಗೇಟಿನವರೆಗೆ ಬಿಡಲು ಅವಳೊಬ್ಬಳೇ ಬಂದಳು. ಬೀದಿಗೆ ಬಂದದ್ದೇ ಹಳೆಯ ದನಿ ಹೊರಟಿತು. "ಮಿಸ್, ಗ್ರೌಂಡಲ್ಲಿ ಈಗಲೂ ಹುಡುಗೀರು ಆಡ್ತಾರಾ? ಆ ಕಂಬ ಹಾಗೇ ಇದೆಯಾ?" ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮಾತಿಗೆ ಇದ್ದ ಜಾಗವೆಲ್ಲ ಅವಳು ಬರುವ ಮೊದಲೇ ಭರ್ತಿಯಾಗಿತ್ತು, ಅಷ್ಟೇ.

ಆದರೆ ಹೊಸಬರಿಗೆ ಮಾತ್ರ ಹೀಗಾಗುತ್ತದೆಂದು ತಿಳಿದರೆ ಅದೂ ಅರ್ಧ ಸತ್ಯವೇ. ಅಣ್ಣನ ಮಗಳು ಇನ್ನೊಂದು ಪ್ರಯೋಗದ ವಿಷಯ ಹೇಳಿದಳು. ಉದ್ದನೆಯ ಕೊಳವೆಯಲ್ಲಿ ಇದ್ದಿಲು ತುಂಬಿ, ಒಂದು ಕಡೆಯಿಂದ ಎರಡು ಅನಿಲಗಳ ಮಿಶ್ರಣವನ್ನು ಹರಿಯಬಿಟ್ಟು, ಇನ್ನೊಂದು ಕಡೆ ಏನು ಹೊರಬರುತ್ತದೆಂದು ಕಾಯುವುದು. ಸಡಿಲ ಅನಿಲ ಮುಂದೆ ಮುಂದೆ ಓಡಿ ಖಾಲಿ ಜಾಗಗಳಲ್ಲಿ ಕೂರುತ್ತದೆ. ಹಿಂದಿನಿಂದ ನಿಧಾನವಾಗಿ ಬರುವ ಬಿಗಿ ಅನಿಲ ಅದನ್ನು ಎಬ್ಬಿಸಿ ತಾನು ಕೂರುತ್ತದೆ, ಚೌಕಾಬಾರದಲ್ಲಿ ಕಾಯಿ ಕಡಿದಂತೆ. ಹಾಗೆ ಎದ್ದು ಬಂದದ್ದೂ ಹೊಸದಾಗಿ ಬರುತ್ತಿರುವುದೂ ಸೇರಿ, ಕೊಳವೆಯ ತುದಿಯಲ್ಲಿ ಸ್ವಲ್ಪ ಹೊತ್ತು ಆ ಸಡಿಲ ಅನಿಲ ಒಳಗೆ ಬಿಟ್ಟ ಪ್ರಮಾಣಕ್ಕಿಂತ ಹೆಚ್ಚಾಗಿ ಹೊರಬರುತ್ತದೆ. ತುದಿಯಲ್ಲಿ ಮಾತ್ರ ನಿಂತು ನೋಡಿದವರಿಗೆ ಇದೇನು ಕೊಟ್ಟದ್ದಕ್ಕಿಂತ ಜಾಸ್ತಿ ಬರುತ್ತಿದೆ ಎಂದು ದಿಗಿಲಾಗಬೇಕು.

ಇದನ್ನು ಕೇಳಿದ ಮೇಲೆ ನನಗೆ ಎಷ್ಟೋ ಮನೆಗಳ ಅತ್ತೆಯಂದಿರು ಕಣ್ಣಮುಂದೆ ಬಂದರು. ಮೂವತ್ತು ವರ್ಷ ಅಡಿಗೆಮನೆಯನ್ನು ನಡೆಸಿದವರು, ಒಲೆಯ ಮುಂದೆ ತಮಗೊಂದು ಜಾಗ ಮಾಡಿಕೊಂಡವರು. ಸೊಸೆ ಬಂದು ಡಬ್ಬಗಳ ಸಾಲು ಬದಲಿಸಿದಳು, ಸಾರಿನ ಪುಡಿ ಅಂಗಡಿಯಿಂದ ಬಂತು. ಅವರು ಜಗುಲಿಗೆ ಬಂದು ಕೂತರು. ಆಮೇಲೆ ಅವರ ಬಾಯಿಂದ ಬರುವ ಗೊಣಗಾಟ ಕಾರಣಕ್ಕಿಂತ ಹತ್ತು ಪಟ್ಟು ದೊಡ್ಡದು. 'ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದಾ?' ಎಂದು ಸೊಸೆಗೆ ಆಶ್ಚರ್ಯ. ಅವಳು ನಿಂತಿರುವುದು ಕೊಳವೆಯ ತುದಿಯಲ್ಲಿ. ಆ ಗೊಣಗಾಟದಲ್ಲಿ ಇವತ್ತಿನ ಸಾರಿನ ಪುಡಿಯ ಜೊತೆಗೆ ಮೂವತ್ತು ವರ್ಷ ಕೂತಿದ್ದ ಜಾಗದಿಂದ ಎದ್ದದ್ದೂ ಬೆರೆತಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು?

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ನಮ್ಮ ಭಾವನವರಿಗಾಗಿ ಆಮ್ಲಜನಕ ಕೊಡುವ ಯಂತ್ರವೊಂದನ್ನು ಬಾಡಿಗೆಗೆ ತಂದು ಮೂರು ವಾರ ಮನೆಯಲ್ಲಿಟ್ಟಿದ್ದೆವು. ನಿಮ್ಮಲ್ಲೂ ಹಲವರು ಆ 'ಪುಸ್ ಪುಸ್' ಶಬ್ದವನ್ನು ರಾತ್ರಿಯೆಲ್ಲ ಕೇಳಿರಬಹುದು. ಅದರೊಳಗೂ ಇದೇ ಆಟ ನಡೆಯುತ್ತಿತ್ತೆಂದು ನನಗೆ ತಿಳಿದದ್ದು ಆಮೇಲೆ. ಇದ್ದಿಲ ಬದಲು ಅಲ್ಲಿ ಜಿಯೋಲೈಟ್ ಎಂಬ ಖನಿಜದ ಮಣಿಗಳಿರುತ್ತವೆ. ಕಾಯಿಸಿದರೆ ಕುದಿಯುವಂತೆ ಹಬೆ ಬಿಡುವ ಕಲ್ಲೆಂದು 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಇಟ್ಟ ಹೆಸರು ಅದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಒತ್ತಿ ತುಂಬಿದಾಗ ಈ ಮಣಿಗಳು ಸಾರಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ, ಆಮ್ಲಜನಕ ಮುಂದೆ ಸಾಗುತ್ತದೆ. ಮಣಿಗಳು ತುಂಬಿಹೋಗುವ ಮೊದಲೇ ಗಾಳಿಯನ್ನು ಪಕ್ಕದ ಇನ್ನೊಂದು ಕೊಳವೆಗೆ ತಿರುಗಿಸಿ, ಇದರ ಒತ್ತಡ ಇಳಿಸಿದರೆ, ಹಿಡಿದಿದ್ದ ಸಾರಜನಕ ಹೊರಹೋಗುತ್ತದೆ. ಅದೇ ಆ 'ಪುಸ್' ಶಬ್ದ. ಈ ಉಪಾಯಕ್ಕೆ 1960ರಲ್ಲಿ ಸ್ಕಾರ್ಸ್ಟ್ರಂ ಎಂಬಾತ ಪೇಟೆಂಟ್ ಪಡೆದಿದ್ದ. ಭಾವನವರಿಗೆ ಉಸಿರು ಕೊಟ್ಟದ್ದು ಆ ಮಣಿಗಳು ಹಿಡಿದುಕೊಳ್ಳದೆ ಬಿಟ್ಟ ಅನಿಲ.

ಆ ಯಂತ್ರಕ್ಕೂ ಒಂದು ಶತ್ರುವುಂಟು, ಬರೀ ನೀರಿನ ಆವಿ. ಸಾರಜನಕಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿ ಅದು ಮಣಿಗಳನ್ನು ಹಿಡಿದುಬಿಡುತ್ತದೆ, ಒತ್ತಡ ಇಳಿಸಿದರೂ ಸುಲಭವಾಗಿ ಬಿಡುವುದಿಲ್ಲ. ಹಸಿ ಗಾಳಿಯಲ್ಲಿ ಬಹಳ ದಿನ ಬಿದ್ದಿದ್ದ ಮಣಿಗಳಲ್ಲಿ ಸಾರಜನಕಕ್ಕೆ ಜಾಗವೇ ಇಲ್ಲದೆ, ಆಮ್ಲಜನಕದ ಜೊತೆಗೆ ಅದೂ ಬಂದುಬಿಡುತ್ತದೆ. ಆದರೂ ನೀರಾವಿಯನ್ನು ಕೆಟ್ಟದ್ದೆಂದು ಬೈಯುವ ಹಾಗಿಲ್ಲ. ಇಂಗಾಲದ ಡೈ ಆಕ್ಸೈಡನ್ನು ಹಿಡಿಯಲೆಂದು ಅಮೀನ್ ಎಂಬ ರಾಸಾಯನಿಕವನ್ನು ಸವರಿದ ಇನ್ನೊಂದು ಬಗೆಯ ವಸ್ತುಗಳಿವೆ. ಅಲ್ಲಿ ಸ್ವಲ್ಪ ತೇವ ಇದ್ದರೆ ಹಿಡಿತ ಹೆಚ್ಚುತ್ತದಂತೆ. ಒಂದು ಕಡೆ ಜಾಗ ಕಿತ್ತುಕೊಳ್ಳುವುದು ಇನ್ನೊಂದು ಕಡೆ ಕೈಹಿಡಿದು ಕೂರಿಸುತ್ತದೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಒಬ್ಬ ವಾಚಾಳಿ ಹುಡುಗಿಯನ್ನು ಈ ಬೆಂಚಿನಲ್ಲಿ ಕೂರಿಸಿದರೆ ಪಕ್ಕದವಳು ಬಾಯಿ ಮುಚ್ಚಿಬಿಡುತ್ತಾಳೆ, ಆ ಬೆಂಚಿನಲ್ಲಿ ಕೂರಿಸಿದರೆ ಅದುವರೆಗೆ ತಲೆಯೆತ್ತದಿದ್ದ ಮೂಗಿಯಂಥವಳು ಕೈಯೆತ್ತಿ ಉತ್ತರ ಹೇಳುತ್ತಾಳೆ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದಾದ ಪ್ರಶ್ನೆಯೊಂದಿದೆ. ಎಲ್ಲವೂ ಸಹವಾಸದಿಂದಲೇ ಆಗುವುದಾದರೆ ಯಾರ ಮೇಲೂ ಹೊಣೆಯಿಲ್ಲವೇ? ಹೆಂಡತಿಗೆ ಹೊಡೆಯುವವನು 'ನನ್ನ ಸುತ್ತ ಇರುವವರು ಹಾಗಿದ್ದಾರೆ, ನಾನೇನು ಮಾಡಲಿ' ಎಂದರೆ ಒಪ್ಪಿಬಿಡೋಣವೇ? ನನ್ನ ಸಹೋದ್ಯೋಗಿಯೊಬ್ಬರ ಜೊತೆ ಇದನ್ನು ಚರ್ಚಿಸಿದಾಗ ಅವರೂ ಇದನ್ನೇ ಕೇಳಿದರು. ಒಪ್ಪಲಾಗದು. ಮೊದಲನೆಯದಾಗಿ, ಬೆರೆತ ಮಾತ್ರಕ್ಕೆ ಅನಿಲದ ಸ್ವಭಾವ ಅಳಿಸಿಹೋಗುವುದಿಲ್ಲ. ಅಮೋನಿಯಾ ಎಲ್ಲಿದ್ದರೂ ಅಮೋನಿಯಾವೇ. ಒಂಟಿ ಅಳತೆ ಗೊತ್ತಿಲ್ಲದೆ ಕೂಡು ಅಳತೆಯ ಅರ್ಥವೂ ಆಗುವುದಿಲ್ಲ. ಮುಖವಾಡದ ಇದ್ದಿಲು ಎಷ್ಟೋ ವಿಷಗಳನ್ನು ತಡೆಯಬಲ್ಲದು. ಇಂಗಾಲದ ಮಾನಾಕ್ಸೈಡನ್ನು ಮಾತ್ರ ತಡೆಯಲಾರದು, ಜೊತೆಗೆ ಯಾರಿರಲಿ ಬಿಡಲಿ. ಕೆಲವು ದೋಷಗಳು ಹಾಗೆಯೇ. ಅವನ್ನು ಸಹವಾಸದ ತಲೆಗೆ ಕಟ್ಟುವುದು ಹೊಡೆತ ತಿಂದವಳಿಗೆ ಮಾಡುವ ಎರಡನೆಯ ಅನ್ಯಾಯ.

ಎರಡನೆಯದು ಇದಕ್ಕಿಂತ ಮುಖ್ಯ. ಅನಿಲಕ್ಕೆ ತಾನು ಯಾರ ಜಾಗದಲ್ಲಿ ಕೂತಿದ್ದೇನೆಂಬುದು ತಿಳಿಯದು. ಹಿಡಿಯುವುದು ಅದರ ಗುಣ, ಹಿಡಿಯುತ್ತದೆ. ಮನುಷ್ಯರಿಗೆ ತಿಳಿಯುತ್ತದೆ. ತುಂಬಿದ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಕೂತ ಹೆಂಗಸರು, ಕಂಕುಳಲ್ಲಿ ಮಗು ಹೊತ್ತು ನಿಂತವಳನ್ನು ಕಂಡು, ಯಾರೂ ಹೇಳದೆಯೇ ಒಂದಿಷ್ಟು ಸರಿದು "ಬಾರಮ್ಮ, ಕೂತ್ಕೋ" ಎನ್ನುವುದನ್ನು ದಿನವೂ ನೋಡುತ್ತೇವೆ. ಸೀಟು ಬೆಳೆಯಲಿಲ್ಲ, ಕೂತವರು ಸಣ್ಣಗಾಗಲಿಲ್ಲ, ಆದರೂ ನಾಲ್ವರು ಕೂತರು. ಇದ್ದಿಲಿನ ಲೆಕ್ಕದಲ್ಲಿ ಇದಕ್ಕೆ ಎಡೆಯಿಲ್ಲ. ಗುಣವಂತರೆಂದರೆ ಯಾರು ಎಂದು ಈಗ ನನ್ನನ್ನು ಕೇಳಿದರೆ, ಬಿಗಿಯಾಗಿ ಹಿಡಿಯುವ ಶಕ್ತಿಯಿದ್ದೂ ಸರಿದು ಕೂರುವವರು ಎನ್ನುತ್ತೇನೆ. ಶಕ್ತಿಯಿಲ್ಲದೆ ಹೊರಗುಳಿದವರ ಮೌನವನ್ನು ಗುಣವೆಂದು ಹೊಗಳುವುದನ್ನು ನಾವು ನಿಲ್ಲಿಸಬೇಕು. ಬಾಯೇ ಇಲ್ಲದ ಬಂಗಾರದಂಥ ಸೊಸೆಯ ಹೊಗಳಿಕೆಯಲ್ಲಿ ಅವಳ ಗುಣಕ್ಕಿಂತ ಆ ಮನೆಯಲ್ಲಿರುವ ಜಾಗದ ಲೆಕ್ಕವೇ ಹೆಚ್ಚಾಗಿರುತ್ತದೆ.

ಹಾಗೆಂದು ಅಳೆಯುವುದನ್ನೇ ಬಿಡಲು ನಮ್ಮಂಥವರಿಗೆ ಆಗದು. ಶಾಲೆ ನಡೆಯಬೇಕು, ಪತ್ರಗಳಿಗೆ ರುಜು ಬೀಳಬೇಕು, ಮದುವೆಗಳು ಆಗಬೇಕು. ಆದರೆ ಅಳೆಯುವ ಕ್ರಮವನ್ನು ತಿದ್ದಿಕೊಳ್ಳಬಹುದು. ಒಂದು ಮನೆ ಹೇಗಿದೆಯೆಂದು ತಿಳಿಯಬೇಕಾದರೆ ನಡುಮನೆಯಲ್ಲಿ ಗಟ್ಟಿಯಾಗಿ ಮಾತಾಡುವವರನ್ನು ಕೇಳಿದರೆ ಸಾಲದು. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿರುವವಳನ್ನು, ಜಗುಲಿಯ ಮೂಲೆಯಲ್ಲಿ ಕೂತ ಮುದುಕಿಯನ್ನು ನೋಡಬೇಕು. ತರಗತಿ ಹೇಗಿದೆಯೆಂದು ತಿಳಿಯಬೇಕಾದರೆ ಕೈಯೆತ್ತದವರನ್ನು ಎಣಿಸಬೇಕು. ಹೊರಗುಳಿದವರ ಲೆಕ್ಕ ಸಿಕ್ಕ ಮೇಲೆಯೇ ಒಳಗಿನವರ ಲೆಕ್ಕ ನಿಜವಾಗುವುದು.

ಇತ್ತೀಚೆಗೆ ಯಾರಾದರೂ ಹುಡುಗಿಯ ಗುಣ ಕೇಳಿದರೆ ನಾನು ಮೊದಲು ಅವರ ಮನೆಯ ವಿಷಯವನ್ನೇ ವಿಚಾರಿಸುತ್ತೇನೆ. ಮನೆಯಲ್ಲಿ ಎಷ್ಟು ಜನ, ಬೆಳಿಗ್ಗೆ ಪೇಪರನ್ನು ಮೊದಲು ಯಾರು ಓದುತ್ತಾರೆ, ಊಟಕ್ಕೆ ಕೊನೆಯಲ್ಲಿ ಯಾರು ಕೂರುತ್ತಾರೆ, ಟೀವಿಯ ರಿಮೋಟು ಯಾರ ಕೈಯಲ್ಲಿರುತ್ತದೆ. ಕೆಲವರು ನಕ್ಕು ಹೇಳುತ್ತಾರೆ. ಕೆಲವರು 'ಈ ಮೇಡಮ್ಮಿಗೆ ವಯಸ್ಸಾಯಿತು' ಎಂಬ ಮುಖ ಮಾಡಿ ಹೊರಟುಬಿಡುತ್ತಾರೆ. ಮೊನ್ನೆ ಒಬ್ಬಾಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಕೊನೆಗೆ ಕೂರೋದು ನಾನೇ ಮೇಡಂ. ಇದುವರೆಗೂ ಯಾರೂ ಕೇಳಿರಲಿಲ್ಲ" ಎಂದರು.